ಶ್ರೀ ಬಿ. ಡಿ. ಜತ್ತಿಯವರು: ಒಂದು ಪುನರ್ವಿಮರ್ಶೆ

ಭಾರತದ ರಾಷ್ಟ್ರಪತಿಗಳ ಪರಂಪರೆಯನ್ನು ಸ್ಮರಿಸುವಾಗ ಹಂಗಾಮಿಯಾಗಿ ಆ ಪೀಠವನ್ನು ಅಲಂಕರಿಸಿದವರ ಹೆಸರು ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ಶ್ರೀ ಬಸಪ್ಪ ದಾನಪ್ಪ ಜತ್ತಿಯವರು ಇಂತಹ ವಿಸ್ಮೃತಿಗೆ ಒಳಗಾದವರಲ್ಲೊಬ್ಬರು. ಸಜ್ಜನರು, ಸೌಮ್ಯ ಸ್ವಭಾವದವರು, ಅಧಿಕಾರದಲ್ಲಿದ್ದವರಿಗೆ ಅನುಕೂಲರಾಗಿ ನಡೆದವರು ಎಂದು ಹೇಳಿ ಅವರ ದೀರ್ಘ ಸಾರ್ವಜನಿಕ ಜೀವನವನ್ನು ಮುಗಿಸಿಬಿಡುವುದು ರೂಢಿಯಾಗಿದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಪರಿಶೀಲಿಸುವುದು ಅಗತ್ಯ.

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನಿಸಿದರು. ಕೊಲ್ಹಾಪುರದಲ್ಲಿ ಕಾನೂನು ವ್ಯಾಸಂಗ ಮುಗಿಸಿ ಜಮಖಂಡಿಯಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಪುರಸಭೆಯ ಸದಸ್ಯತ್ವದಿಂದ ಮೊದಲಾದ ಅವರ ಸೇವೆ ಅಧ್ಯಕ್ಷ ಪದವಿಗೂ, ಅಲ್ಲಿಂದ ಜಮಖಂಡಿ ಸಂಸ್ಥಾನದ ಮಂತ್ರಿ ಹಾಗೂ ಮುಖ್ಯಮಂತ್ರಿ ಪದವಿಗಳಿಗೂ ಏರಿತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬಳಿಕ ಅವರು ಅಲ್ಲಿಯ ಶಾಸಕರಾಗಿ, ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ಕಾರ್ಯನಿರ್ವಹಿಸಿದರು. ಮೆಟ್ಟಿಲು ತಪ್ಪಿಸಿ ಮೇಲೇರಿದವರು ಅವರಲ್ಲ.

1956ರಲ್ಲಿ ಕನ್ನಡ ನಾಡು ಒಂದಾದಾಗ, ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಗೇಣಿ ಕಾನೂನು ಜಾರಿಯಲ್ಲಿತ್ತು. ಇವುಗಳನ್ನು ಏಕರೂಪಕ್ಕೆ ತರುವ ಮಾರ್ಗವನ್ನು ಸೂಚಿಸಲು 1957ರಲ್ಲಿ ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1958ರಿಂದ 1962ರವರೆಗೆ ಅವರು ಮುಖ್ಯಮಂತ್ರಿಗಳಾಗಿದ್ದ ಅವಧಿಯಲ್ಲಿ ಆ ಸಮಿತಿಯ ವರದಿಯನ್ನಾಧರಿಸಿ 1961ರ ಮೈಸೂರು ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಸ್ವಂತ ಸಾಗುವಳಿಯ ನೆಪದಲ್ಲಿ ಭೂಮಿಯನ್ನು ಮರಳಿ ಪಡೆಯಲು ಒಡೆಯರಿಗೆ ಅವಕಾಶವಿದ್ದುದು ಅದರ ಕೊರತೆ. ಕಾಯಿದೆ ಜಾರಿಗೆ ಬಂದುದು 1965ರಲ್ಲಿ. ಆದರೂ 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನಿಗೆ ಭೂಮಿಯನ್ನು ಕೊಡಿಸಿದ್ದು ಇದೇ ಕಾಯಿದೆಯನ್ನು ತಿದ್ದಿ ಎಂಬುದನ್ನು ಮರೆಯಲಾಗದು. ಕಟ್ಟಡವನ್ನು ಹೊಗಳುವವರು ಅಡಿಪಾಯವನ್ನೂ ನೆನೆಯಬೇಕಷ್ಟೆ.

ಜತ್ತಿಯವರು 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಗಳ ಹೊಣೆ ಅವರ ಮೇಲೆ ಬಿತ್ತು. ಜುಲೈ 25ರವರೆಗಿನ ಆ ಅಲ್ಪಾವಧಿಯಲ್ಲಿ ಮಹಾಚುನಾವಣೆ ನಡೆಯಿತು, ತುರ್ತುಪರಿಸ್ಥಿತಿ ರದ್ದಾಯಿತು, ಕೇಂದ್ರದಲ್ಲಿ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ.

ಅವರ ವಿಷಯದಲ್ಲಿ ವಿವಾದವೆದ್ದುದು ಅದೇ ಏಪ್ರಿಲ್‌ನಲ್ಲಿ. ಕಾಂಗ್ರೆಸ್ ಸರ್ಕಾರಗಳಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರ್ಕಾರ ನಿಶ್ಚಯಿಸಿತು. ಇದನ್ನು ಪ್ರಶ್ನಿಸಿದ ರಾಜ್ಯಗಳ ದಾವೆಯನ್ನು ಸರ್ವೋಚ್ಚ ನ್ಯಾಯಾಲಯ ಏಪ್ರಿಲ್ 29ರಂದು ತಳ್ಳಿಹಾಕಿತು. ಸಂಪುಟದ ಸಲಹೆ ಜತ್ತಿಯವರ ಮುಂದೆ ಬಂದಾಗ ಅವರು ಕೂಡಲೇ ಸಹಿ ಮಾಡಲಿಲ್ಲ. ಸಹಿ ಬಿದ್ದುದು ಮರುದಿನ. ಈ ವಿಳಂಬವನ್ನು ಹಲವರು ಪಕ್ಷಪಾತವೆಂದು ಖಂಡಿಸಿದರು.

ಆ ಖಂಡನೆಗೆ ಆಧಾರವಿರಲಿಲ್ಲವೆಂದು ಹೇಳಲಾಗದು. ವಿಳಂಬದಿಂದ ಲಾಭವಾಗಬಹುದಾಗಿದ್ದುದು ಜತ್ತಿಯವರು ಬೆಳೆದುಬಂದ ಪಕ್ಷಕ್ಕೆ. 1973ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿದ್ದಾಗ, ನಂದಿನಿ ಸತ್ಪತಿಯವರ ರಾಜೀನಾಮೆಯ ತರುವಾಯ, ಬಿಜು ಪಟ್ನಾಯಕರಿಗೆ ಸರ್ಕಾರ ರಚಿಸುವ ಅವಕಾಶವನ್ನೀಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದವರೂ ಅವರೇ. ತುರ್ತುಪರಿಸ್ಥಿತಿಯ ಕಾಲದಲ್ಲಿ ರಾಜ್ಯಸಭೆಯ ಸಭಾಪತಿ ಪೀಠದಲ್ಲಿದ್ದವರೂ ಅವರೇ. ಈ ಸಂಗತಿಗಳನ್ನು ಮರೆಮಾಚಿ ಬರೆದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು.

ಆದರೆ ವ್ಯಕ್ತಿಯ ಒಲವು ಬೇರೆ, ಅವನ ಕೃತಿಯಿಂದ ಏಳುವ ಪ್ರಶ್ನೆ ಬೇರೆ. ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕೆಂದು 42ನೆಯ ತಿದ್ದುಪಡಿ ವಿಧಿಸಿತ್ತು. ಹಾಗಾದರೆ, ಜನರು ಆರಿಸಿದ ಒಂಬತ್ತು ಸಭೆಗಳನ್ನು ಒಮ್ಮೆಗೇ ವಿಸರ್ಜಿಸುವ ಪತ್ರ ಎದುರಿಗಿದ್ದಾಗ, ಅಂಕಿತ ಹಾಕುವ ಮುನ್ನ ಯೋಚಿಸುವಷ್ಟು ಸ್ವಾತಂತ್ರ್ಯವಾದರೂ ಆ ಪೀಠಕ್ಕೆ ಇಲ್ಲವೆ? ಜತ್ತಿಯವರು ಸಲಹೆಯನ್ನು ತಿರಸ್ಕರಿಸಲಿಲ್ಲ, ಕೊನೆಗೆ ಸಂವಿಧಾನಕ್ಕೆ ತಲೆಬಾಗಿದರು. ಅವರು ತೋರಿದ್ದು ಒಂದು ದಿನದ ತಡೆ ಮಾತ್ರ.

ಈ ಪ್ರಶ್ನೆಗೆ ಉತ್ತರ ಬಂದ ಬಗೆ ಗಮನಾರ್ಹ. 1978ರ 44ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ನೀಡಿತು. ಅದನ್ನು ತಂದುದು ಅದೇ ಜನತಾ ಸರ್ಕಾರ! 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಕೆ. ಆರ್. ನಾರಾಯಣನ್ ಅವರು ಹಿಂದಿರುಗಿಸಿದಾಗ ಸಂಪುಟವು ಅದನ್ನು ಕೈಬಿಟ್ಟಿತು. ನಾಡು ಅವರನ್ನು ಕೊಂಡಾಡಿತು. ಇಪ್ಪತ್ತು ವರ್ಷಗಳ ಹಿಂದೆ ನಿಂದೆಗೆ ಗುರಿಯಾಗಿದ್ದ ತಡೆಯೇ ಆ ವೇಳೆಗೆ ರಾಷ್ಟ್ರಪತಿ ಪೀಠದ ಧರ್ಮವೆನಿಸಿತ್ತು.

1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ಶರಣಸಾಹಿತ್ಯದ ಪ್ರಸಾರಕ್ಕೆ ದುಡಿದ ಜತ್ತಿಯವರು 2002ರ ಜೂನ್ 7ರಂದು ಲಿಂಗೈಕ್ಯರಾದರು. ಅವರನ್ನು ಧೀರ ನಾಯಕರೆಂದು ಹಾಡಬೇಕಾಗಿಲ್ಲ. ಒರಿಸ್ಸಾದ ಲೆಕ್ಕ ಅವರ ಹೆಸರಿನಲ್ಲಿ ಉಳಿದೇ ಇರುತ್ತದೆ. ಆದರೆ ಅನುಕೂಲಸ್ಥರೆಂದು ಕರೆಸಿಕೊಂಡವರೇ, ಅನುಕೂಲವಾಗಿ ಸಹಿ ಹಾಕಬಹುದಾಗಿದ್ದ ದಿನ ಕೈಯನ್ನು ತಡೆದು ನಿಂದೆಯನ್ನು ಹೊತ್ತರೆಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಡುವುದು ಚರಿತ್ರಕಾರನ ಕರ್ತವ್ಯ.