ರನ್ನನ ದುರ್ಯೋಧನ

ಕ್ರಿ. ಶ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಕೈಯಿಂದ ಕನ್ನಡನಾಡಿನ ಒಡೆತನವನ್ನು ಕಿತ್ತುಕೊಂಡನು. ಇನ್ನೂರು ವರ್ಷಗಳಿಗೂ ಮಿಕ್ಕು ಆಳಿದ ಮನೆತನವು ನೋಡನೋಡುತ್ತಿದ್ದಂತೆಯೇ ಕುಸಿದುಬಿದ್ದಿತು. ಗಂಗರ ಮಾರಸಿಂಹನು ಆ ವಂಶದ ಕುಡಿಯಾದ ನಾಲ್ಕನೆಯ ಇಂದ್ರನನ್ನು ಮತ್ತೆ ಪಟ್ಟದಲ್ಲಿ ನಿಲ್ಲಿಸಲು ಯತ್ನಿಸಿ ವಿಫಲನಾಗಿ, ಸಲ್ಲೇಖನವ್ರತದಿಂದ ದೇಹವನ್ನು ತ್ಯಜಿಸಿದನು. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಹಿಡಿದು ಮಡಿದನು. ಮುದುವೊಳಲಿನ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತು, ಗಂಗರ ಮಂತ್ರಿ ಚಾವುಂಡರಾಯನ ಆಶ್ರಯವನ್ನು ಪಡೆದವನು. ಬಳಿಕ ಗೆದ್ದವರ ಆಸ್ಥಾನವನ್ನು ಸೇರಿ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಹೊಂದಿದನು. ಸೋತವರ ನೆರಳಿನಲ್ಲಿ ಬೆಳೆದು ಗೆದ್ದವರ ಅನ್ನವನ್ನುಂಡವನು ಬರೆದ ಕಾವ್ಯ 'ಗದಾಯುದ್ಧ' ಎಂಬುದನ್ನು ಅದರ ಓದುಗರು ಮರೆಯತಕ್ಕುದಲ್ಲ.

ಆ ಕಾವ್ಯದ ಇನ್ನೊಂದು ಹೆಸರು 'ಸಾಹಸಭೀಮವಿಜಯ'. ತೈಲಪನ ಮಗನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಲ್ಲಿ ಅಭೇದವಾಗಿ ಕಲ್ಪಿಸಿ ಹೊಗಳುವುದು ಕವಿಯ ಸಂಕಲ್ಪ. ಭೀಮನ ಪ್ರತಿಜ್ಞೆಯಿಂದ ಕಥೆ ಮೊದಲಾಗಿ ಅವನ ಪಟ್ಟಾಭಿಷೇಕದಿಂದ ಮುಗಿಯುತ್ತದೆ. ಹೀಗಿದ್ದರೂ ಸಾವಿರ ವರ್ಷಗಳಿಂದ ಸಹೃದಯರ ಮನಸ್ಸು ಹರಿದಿರುವುದು ತೊಡೆಮುರಿದು ಬಿದ್ದವನ ಕಡೆಗೆ. ಅನ್ನವಿಟ್ಟ ಅರಸನಿಗೆ ಕವಿ ದ್ರೋಹವೆಸಗಿದನೇ? ಅಲ್ಲವೆಂಬುದಕ್ಕೆ ಕಾವ್ಯವೇ ಸಾಕ್ಷಿ.

ದುರ್ಯೋಧನನ ಪಾಪವನ್ನು ರನ್ನನು ಮುಚ್ಚಿಡಲಿಲ್ಲ. ಯುದ್ಧದ ಕಡೆಯ ದಿನವನ್ನು ಮಾತ್ರ ಎತ್ತಿಕೊಂಡು, ಸಿಂಹಾವಲೋಕನಕ್ರಮದಿಂದ ಹಿಂದಿನ ಭಾರತವನ್ನೆಲ್ಲ ಒಳಗೊಳಿಸಿದುದರಿಂದ, ಹಳೆಯ ಅಪರಾಧಗಳು ಮತ್ತೆಮತ್ತೆ ಕಣ್ಣಮುಂದೆ ಬರುತ್ತವೆ. ಮೊದಲಿನಲ್ಲಿಯೇ ಬಿಚ್ಚಿದ ಮುಡಿಯ ದ್ರೌಪದಿ ಇದ್ದಾಳೆ. ಕೊನೆಯಲ್ಲಿ ಭೀಮನು ಗದೆಯನ್ನು ಬೀಸುವಾಗ ಒಂದೊಂದು ಪೆಟ್ಟಿಗೂ ಒಂದೊಂದು ಲೆಕ್ಕವನ್ನು ಹೇಳುತ್ತಾನೆ: ಅರಗಿನ ಮನೆ, ವಿಷದ ಅನ್ನ, ಜೂಜು, ಪಾಂಚಾಲಿಯ ಅವಮಾನ. ಇದಕ್ಕಿಂತ ಸ್ಪಷ್ಟವಾದ ಆರೋಪಪಟ್ಟಿಯನ್ನು ನ್ಯಾಯಸ್ಥಾನದಲ್ಲಿಯೂ ಓದಲಾರರು. ಒಂದೂ ಸುಳ್ಳಲ್ಲ, ಆದರೂ ಓದುವವನು ಆ ಪೆಟ್ಟುಗಳಿಗೆ ಹಿಗ್ಗುವುದಿಲ್ಲ.

ಕಾರಣವನ್ನು ಅದಕ್ಕೆ ಹಿಂದಿನ ಆಶ್ವಾಸಗಳಲ್ಲಿ ಅರಸಬೇಕು. ಎಲ್ಲರನ್ನೂ ಕಳೆದುಕೊಂಡ ಚಕ್ರವರ್ತಿ ಸಂಜಯನ ಹೆಗಲಿಗೆ ಕೈಯಿಟ್ಟು ಹೆಣಗಳ ನಡುವೆ ಕಾಲೆಳೆಯುತ್ತ ನಡೆಯುತ್ತಾನೆ. ಮರುಳುಗಳು ಅವನನ್ನು ಕಂಡು ಹಾಸ್ಯಮಾಡುತ್ತವೆ. ನಾಡೆಲ್ಲ ನಡುಗುತ್ತಿದ್ದ ಹೆಸರಿಗೆ ಈಗ ಪಿಶಾಚಿಗಳೂ ಹೆದರುವುದಿಲ್ಲ! ಅಲ್ಲಿ ಮೊದಲು ದ್ರೋಣ, ಆಮೇಲೆ ಅಭಿಮನ್ಯು. ಹಲವರು ಕೂಡಿ ಕೊಂದ ಆ ಹಗೆಯ ಮಗನಿಗೆ ದುರ್ಯೋಧನನು ಕೈಮುಗಿದು, ಅವನ ಪರಾಕ್ರಮದ ಒಂದಂಶಕ್ಕಾದರೂ ಸಲ್ಲುವ ಸಾವು ತನಗೆ ದೊರೆಯಲೆಂದು ಬೇಡುತ್ತಾನೆ. ತನ್ನ ಮಗ ಲಕ್ಷಣನನ್ನು ಕಂಡಾಗ, ಮಗನು ತಂದೆಗೆ ಬಿಡಬೇಕಾದ ತರ್ಪಣದ ನೀರನ್ನು ತಂದೆಯೇ ಮಗನಿಗೆ ಬಿಡಬೇಕಾಯಿತೆಂದು ಮರುಗುತ್ತಾನೆ. ದುಶ್ಶಾಸನನ ಮುಂದೆ, ತಾಯ ಮೊಲೆವಾಲಿನಲ್ಲಿ ಕೂಡ ತನ್ನ ಹಿಂದೆಯೇ ಬಂದ ತಮ್ಮನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿ ಮುಂದೆ ಹೋದನೆಂದು ಅಳುತ್ತಾನೆ. ದ್ರೌಪದಿಯ ಮುಡಿಗೆ ಕೈಯಿಕ್ಕಿದವನು ಅವನೇ. ಅದನ್ನು ಓದುಗನು ಬಲ್ಲನು. ಬಲ್ಲೆನೆಂಬುದರಿಂದ ಆ ಅಳಲು ಕಡಮೆಯಾಗುವುದಿಲ್ಲ.

ಕರ್ಣನ ಹೆಣದ ಬಳಿ ಈ ಶೋಕವು ತುತ್ತತುದಿಗೇರುತ್ತದೆ. ಆಮೇಲೆ ಅವನಿಗೆ ನೆಲದ ಆಸೆ ಉಳಿದಿಲ್ಲ, ಉಳಿದುದು ಛಲವೊಂದೇ. ತಂದೆತಾಯಿಗಳು ಬಂದು ಸಂಧಿಗೆ ಬೇಡಿಕೊಂಡರೂ, ಶರಶಯ್ಯೆಯ ಮೇಲಿದ್ದ ಭೀಷ್ಮನು ಹೇಳಿದರೂ ಒಪ್ಪನು. ಕಡೆಗೆ ಅಜ್ಜನ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಅವನ ಬಾಳಿನ ದೊಡ್ಡ ನಾಚಿಕೆಗೆ ಹಿರಿಯರ ಮಾತಿಗೆ ತೋರಿದ ವಿಧೇಯತೆ ಕಾರಣವಾದುದು ಕವಿಯ ಕುಶಲತೆ. ಭೀಮನ ಮೂದಲೆಯನ್ನು ಕೇಳಿ ನೀರೊಳಗೆ ಬೆವರಿದನೆಂಬ ಪದ್ಯವನ್ನು ಹಳಗನ್ನಡ ಬಲ್ಲವರೆಲ್ಲ ಬಲ್ಲರು.

ಈ ದಾರಿಯನ್ನು ಮೊದಲು ತೋರಿದವನು ಪಂಪ. 941ರ 'ವಿಕ್ರಮಾರ್ಜುನವಿಜಯ'ದಲ್ಲಿ ಅರ್ಜುನನು ಅರಿಕೇಸರಿಯೇ ಆಗಿದ್ದರೂ, ಕಾವ್ಯದ ಕೊನೆಯಲ್ಲಿ ಛಲಕ್ಕೆ ದುರ್ಯೋಧನನನ್ನೂ ನನ್ನಿಗೆ ಕರ್ಣನನ್ನೂ ಹೆಸರಿಸಿ ಗೌರವಿಸಿದ್ದಾನೆ. ರನ್ನನ ಕಾವ್ಯಕ್ಕೆ ಪಂಪನ ಹದಿಮೂರನೆಯ ಆಶ್ವಾಸವೇ ಬೀಜವೆಂಬುದು ಪಂಡಿತರ ಮತ. ಪಂಪನು ನಮಸ್ಕರಿಸಿ ಮುಂದೆ ಸಾಗಿದ ಎಡೆಯಲ್ಲಿ ರನ್ನನು ನಿಂತುಬಿಟ್ಟನು.

ರನ್ನನಿಂದೀಚೆಗೆ ನಾಗಚಂದ್ರನು 'ರಾಮಚಂದ್ರಚರಿತಪುರಾಣ'ದಲ್ಲಿ ರಾವಣನನ್ನು ಮೇಲೆತ್ತಿದ ಬಗೆ ಬೇರೆ. ಜೈನಸಂಪ್ರದಾಯವನ್ನನುಸರಿಸಿ ಅವನಿಗೆ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವನ್ನು ಕೊಟ್ಟನು. ರಾಮನಿಗೆ ಕೇಡಾಗುವುದೆಂಬ ಭಯದಿಂದ ಮೂರ್ಛೆಹೋದ ಸೀತೆಯನ್ನು ನೋಡಿ ರಾವಣನ ಮನಸ್ಸು ತಿರುಗುತ್ತದೆ. ಯುದ್ಧದಲ್ಲಿ ಗೆದ್ದು ಆಮೇಲೆ ಅವಳನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಪಶ್ಚಾತ್ತಾಪ ಪಟ್ಟವನನ್ನು ಪ್ರೀತಿಸುವುದು ಸುಲಭ. ರನ್ನನ ನಾಯಕನಿಗೆ ಆ ನೆರವಿಲ್ಲ. ಪಾಂಡವರಿಗೆ ಮಾಡಿದುದಕ್ಕಾಗಿ ಮರುಗಿ ಅವನು ಮಣಿಯುವುದಿಲ್ಲ. ಎರಡೂ ದೊಡ್ಡ ಸೃಷ್ಟಿಗಳೇ. ಆದರೆ ಕಷ್ಟತರವಾದ ಕೆಲಸ ರನ್ನನದು.

ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳಿಂದಲೇ 'ಗದಾಯುದ್ಧನಾಟಕಂ' ಅನ್ನು ಹೊಂದಿಸಿ, ಗ್ರೀಕರ ರುದ್ರನಾಟಕದ ಬೆಳಕಿನಲ್ಲಿ ದುರ್ಯೋಧನನನ್ನು ನಿಲ್ಲಿಸಿದರು. ಆ ಅಳತೆಗೋಲು ಪರದೇಶದ್ದೆಂದು ಆಕ್ಷೇಪಿಸಬಹುದು. ಅಳೆಯಲ್ಪಟ್ಟ ಎತ್ತರವು ಮಾತ್ರ ಮೊದಲೇ ಇದ್ದುದು. ಗುಲಬರ್ಗೆಯ ಬಯಲಿನ ಮಾನ್ಯಖೇಟವು ಹಾಳಾದುದನ್ನೂ ಬೆಳಗೊಳದಲ್ಲಿ ಕಡೆಯ ರಾಷ್ಟ್ರಕೂಟನು ಉಪವಾಸದಿಂದ ಅಳಿದುದನ್ನೂ ರನ್ನನ ತಲೆಮಾರಿನವರು ಬಲ್ಲರು. ಅವನು ದುರ್ಯೋಧನನನ್ನು ಬರೆಯುವಾಗ ಇಂದ್ರನನ್ನು ನೆನೆದನೆಂದು ಹೇಳಲು ಆಧಾರವಿಲ್ಲ. ಸತ್ಯಾಶ್ರಯನ ಸಭೆಯಲ್ಲಿ ಕಾವ್ಯವನ್ನು ಓದಿದ್ದರೆ, ಕಿರೀಟವನ್ನು ಭೀಮನು ಕಾಲಿನಿಂದ ಒದೆಯುವ ಎಡೆಗೆ ಬಂದಾಗ, ಬಲರಾಮನಂತೆ ಮುಖ ಕಪ್ಪಿಟ್ಟ ಮುದುಕರು ಕೆಲವರಾದರೂ ಅಲ್ಲಿ ಕುಳಿತಿರಬೇಕು.