ಮಂಜಮ್ಮ ಜೋಗತಿ

ಜೋಗತಿ ನೃತ್ಯ ಮತ್ತು ಎಲ್ಲಮ್ಮನ ನಾಟಕದ ಕಲಾವಿದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ (2019). 2021ರ ಪದ್ಮಶ್ರೀ ಪುರಸ್ಕೃತೆ. ಹುಟ್ಟೂರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬ. ನೆಲೆಸಿದ ಊರು ಮರಿಯಮ್ಮನಹಳ್ಳಿ. ಹೆತ್ತವರು ಇಟ್ಟಿದ್ದ ಹೆಸರು ಮಂಜುನಾಥ. ಓದು ಎಸ್ಸೆಸ್ಸೆಲ್ಸಿವರೆಗೆ.

ಇವರನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಪದ್ಮಶ್ರೀಯಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಕಲೆ ಕೈಗೆ ಬಂದ ಕಾಲದ ವಿವರ ಮಾತ್ರ ಅಲ್ಲಲ್ಲಿ ಚದುರಿದೆ. ಜೋಗತಿ, ಜೋಗಪ್ಪ, ದೇವದಾಸಿ ಎಂಬ ಹೆಸರುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಎಲ್ಲಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ಆಕೆಗೆ ಸಮರ್ಪಿತರಾದ ಹೆಣ್ಣುಮಕ್ಕಳು ಜೋಗತಿಯರು. ಗಂಡಾಗಿ ಹುಟ್ಟಿ, ದೇವಿಗೆ ಒಪ್ಪಿಸಿಕೊಂಡು ಸೀರೆ ಉಟ್ಟವರು ಜೋಗಪ್ಪಗಳು. ಈ ಎರಡನೆಯ ದಾರಿಯಲ್ಲಿ ಬಂದ ಮಂಜಮ್ಮ ತಮ್ಮನ್ನು ಜೋಗತಿ ಎಂದೇ ಕರೆದುಕೊಂಡಿದ್ದಾರೆ; ಈ ಲೇಖನವೂ ಅದನ್ನೇ ಅನುಸರಿಸುತ್ತದೆ.

ಮುತ್ತು ಕಟ್ಟಿಸಿಕೊಂಡದ್ದು 1975ರ ಸುಮಾರಿಗೆ, ಹೊಸಪೇಟೆಗೆ ಹತ್ತಿರದ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ. ಆಮೇಲೆ ಮನೆಯ ಬಾಗಿಲು ಮುಚ್ಚಿತು. ಸೀರೆ ಉಟ್ಟು ಬೀದಿಯಲ್ಲಿ ಬೇಡಿದರು, ಇಡ್ಲಿ ಮಾರಿದರು, ಮಕ್ಕಳಿಗೆ ಮನೆಪಾಠ ಹೇಳಿದರು. ಆ ವರ್ಷಗಳಲ್ಲಿ ತಮ್ಮ ಮೇಲೆ ನಡೆದ ಹಿಂಸೆಯನ್ನು ಅವರು ಎಲ್ಲಿಯೂ ಮುಚ್ಚಿಟ್ಟಿಲ್ಲ.

ಕುಣಿತ ಕಂಡದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಅಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಇಟ್ಟುಕೊಂಡು, ಅದನ್ನು ಕೈಯಲ್ಲಿ ಹಿಡಿಯದೆ ಕುಣಿಯುತ್ತಿದ್ದ. ಮಂಜಮ್ಮ ಅವರ ಬೆನ್ನುಹತ್ತಿ ಕಲಿತರು. ಅಲ್ಲಿಂದ ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮನೆಗೆ ದಾರಿ ತೆರೆಯಿತು. ಕಾಳವ್ವ ಮೊದಲು ಕುಣಿಸಿ ನೋಡಿದರು, ಬಳಿಕ ತಂಡಕ್ಕೆ ಸೇರಿಸಿಕೊಂಡರು. ಎಲ್ಲಮ್ಮನ ನಾಟಕದಲ್ಲಿ ಸಣ್ಣ ಪಾತ್ರಗಳು ಸಿಕ್ಕವು, ಮುಂದೆ ದೊಡ್ಡವೂ ಬಂದವು. ಈ ಬದುಕಿನ ನಿಜವಾದ ತಿರುವು ಇದೇ ಎನ್ನಬೇಕು. ಹೊಟ್ಟೆಪಾಡಿನ ಜೋಗಾಟ ಇಲ್ಲಿ ಗುರುವಿನ ಕಣ್ಣೆದುರು ತಿದ್ದಿಸಿಕೊಂಡು ಕಲಿಯುವ ವಿದ್ಯೆಯಾಯಿತು. ಕಾಳವ್ವ ತೀರಿಕೊಂಡ ಮೇಲೆ ತಂಡದ ಹೊಣೆ ಮಂಜಮ್ಮನವರ ಹೆಗಲಿಗೆ ಬಂತು.

ಈ ಕುಣಿತಕ್ಕೆ ಜೊತೆಯಾಗುವ ಮುಖ್ಯ ವಾದ್ಯ ಚೌಡಿಕೆ. ಮರದ ಕೊಳಗದಂಥ ಒಡಲು, ಒಂದು ಬಾಯಿಗೆ ಬಿಗಿದ ಚರ್ಮ, ಅದರ ನಡುವಿನಿಂದ ಎಳೆದು ಕೋಲಿಗೆ ಕಟ್ಟಿದ ತಂತಿ. ಒಡಲನ್ನು ಕಂಕುಳಲ್ಲಿ ಅವುಚಿ ತಂತಿ ಮೀಟಿದರೆ ದನಿ ಏರುತ್ತ ಇಳಿಯುತ್ತ ಹಾಡಿನ ಜೊತೆ ಸಾಗುತ್ತದೆ. ತಾಳ, ಶ್ರುತಿ ಕೂಡುತ್ತವೆ. ನಡುನಡುವೆ ‘ಉಧೋ ಉಧೋ’ ಎಂಬ ಕೂಗು ಏಳುತ್ತದೆ. ಕೊಡ ಹೊತ್ತವರಿಗೆ ಕುತ್ತಿಗೆ ಅಲುಗದಂತೆ ಸೊಂಟ, ಮಂಡಿ, ಪಾದಗಳಲ್ಲೇ ಎಲ್ಲವನ್ನೂ ಆಡಿಸುವ ಹತೋಟಿ ಬೇಕು. ತಲೆ ನಿಂತಲ್ಲೇ ನಿಂತಿರುತ್ತದೆ. ಅದರ ಕೆಳಗೆ ಮೈಯೆಲ್ಲ ತಿರುಗುತ್ತಿರುತ್ತದೆ.

ಇಷ್ಟು ಶಿಸ್ತಿನ ಕುಣಿತ ಶಾಸ್ತ್ರೀಯ ನೃತ್ಯದ ಪಟ್ಟಿಯಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಒಂದಿಷ್ಟು ಉತ್ತರ ಸಿಗುತ್ತದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ 1947ರ ಮದ್ರಾಸ್ ದೇವದಾಸಿ ನಿಷೇಧ ಕಾನೂನು ಈ ಸೀಮೆಗೂ ಅನ್ವಯಿಸುತ್ತಿತ್ತು. ಆ ಹೊತ್ತಿಗೆ ಮದ್ರಾಸ್ ನಗರದಲ್ಲಿ ದೇವದಾಸಿಯರ ಸದಿರು ಭರತನಾಟ್ಯವಾಗಿ ಸಭಾಗೃಹ ಏರಿಯಾಗಿತ್ತು. ಎಲ್ಲಮ್ಮನ ಜೋಗತಿಯರ ಕುಣಿತಕ್ಕೆ ಅಂಥ ಪೋಷಕರು ಸಿಗಲಿಲ್ಲ. ಅದು ಜಾತ್ರೆಯಲ್ಲಿ, ಮನೆಯಂಗಳದಲ್ಲಿ ಉಳಿಯಿತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ಮುತ್ತು ಕಟ್ಟುವ ಪದ್ಧತಿ ಕಾನೂನನ್ನೂ ಮೀರಿ ಬಹುಕಾಲ ನಡೆಯಿತು. 1982ರಲ್ಲಿ ಕರ್ನಾಟಕವೂ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿತು. ಪದ್ಧತಿ ನಿಲ್ಲಲೇಬೇಕಿತ್ತು. ಆದರೆ ಅದರೊಡನೆ ಬೆಳೆದ ಹಾಡು, ವಾದ್ಯ, ಹೆಜ್ಜೆಗಳನ್ನು ಕಾಯುವ ಯೋಚನೆ ಆ ಕಾನೂನಿನಲ್ಲಿರಲಿಲ್ಲ. ಮಂಜಮ್ಮನವರ ತಂಡದ ಬೆಲೆ ತಿಳಿಯುವುದು ಇಲ್ಲಿಯೇ: ಹರಕೆಯ ಆಚೆಗೂ ನಿಲ್ಲಬಲ್ಲ ಕಲೆಯಾಗಿ ಜೋಗತಿ ನೃತ್ಯವನ್ನು ಅವರು ವೇದಿಕೆಗೆ ತಂದರು.

ಹೋಲಿಕೆಗೆ ಭರತನಾಟ್ಯ ಕಲಾವಿದೆ ಕೆ. ವೆಂಕಟಲಕ್ಷಮ್ಮನವರನ್ನು ನೆನೆಯಬಹುದು. ಕಡೂರು ಕಡೆಯ ಲಂಬಾಣಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಅವರು ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ ಮೈಸೂರು ಅರಮನೆಯ ವಿದುಷಿಯಾದರು, ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಅರಮನೆಯ ಆಸರೆ ಎಷ್ಟು ದೊಡ್ಡದೆಂದು ಈ ಎರಡು ಬದುಕುಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಮಂಜಮ್ಮನವರಿಗೆ ಜಾನಪದ ಅಕಾಡೆಮಿಯ ಪ್ರಶಸ್ತಿ 2006ರಲ್ಲಿ, ರಾಜ್ಯೋತ್ಸವ ಪ್ರಶಸ್ತಿ 2010ರಲ್ಲಿ ಬಂದವು. ಪ್ರಶಸ್ತಿ ಕೊಟ್ಟ ಅಕಾಡೆಮಿಗೇ ಹದಿಮೂರು ವರ್ಷಗಳ ಬಳಿಕ ಅಧ್ಯಕ್ಷರಾದರು. ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಇವರ ಬಾಳಿನ ಬಗೆಗೆ ಈಗ ದೊರೆಯುವ ಮುಖ್ಯ ಆಕರ. ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಹಲವರು ಅದನ್ನು ಅಚ್ಚರಿಯೆಂಬಂತೆ ಬರೆದರು; ಈ ಸೀಮೆಯವರಿಗೆ ಅದು ಮನೆಮಂದಿಗೆ ಹರಸುವ ಬಳಕೆಯ ರೀತಿ.

ಜಿಲ್ಲೆಯ ಹೆಸರಿನ ಬಗ್ಗೆಯೂ ಒಂದು ಮಾತು. ಪ್ರಶಸ್ತಿ ಘೋಷಣೆಯಾದ 2021ರ ಜನವರಿಯಲ್ಲಿ ಮರಿಯಮ್ಮನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮುಂದಿನ ತಿಂಗಳೇ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಕೂಡಿಸಿ ವಿಜಯನಗರ ಜಿಲ್ಲೆ ಮಾಡುವ ಅಧಿಸೂಚನೆ ಹೊರಬಿತ್ತು. ಪ್ರಶಸ್ತಿ ಕೈಗೆ ಬಂದದ್ದು ನವೆಂಬರ್‌ನಲ್ಲಿ. ಆಕರಗಳಲ್ಲಿ ಅವರನ್ನು ಒಮ್ಮೆ ಬಳ್ಳಾರಿಯವರೆಂದೂ ಒಮ್ಮೆ ವಿಜಯನಗರದವರೆಂದೂ ಬರೆದಿರುವುದಕ್ಕೆ ಇದೇ ಕಾರಣ. ಹುಟ್ಟೂರು ಕಲ್ಲುಕಂಬ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ.