ತಿಂಡಿ: ಹೊಟ್ಟೆಗೂ ಮೈಗೂ

ತಿಂಡಿ

ಶಿಕಾರಿಪುರದ ಬಸ್‌ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಮಾಣಿ 'ತಿಂಡಿ ಏನ್ ಕೊಡ್ಲಿ?' ಎಂದಾಗ ಹಾವೇರಿ ಕಡೆಯವರೊಬ್ಬರು ಮುಸಿಮುಸಿ ನಕ್ಕರು. ಅವರ ಕಡೆ ತಿಂಡಿ ಎಂದರೆ ತುರಿಕೆ, ತಿನ್ನುವುದೇನಿದ್ದರೂ ನಾಷ್ಟಾ. 'ಭಾಳ ತಿಂಡಿ ಐತೇನು?' ಎಂದರೆ ಜಗಳಕ್ಕೆ ಕರೆದಂತೆ. ಜಿಲ್ಲೆಯ ಗಡಿಯಾಚೆಯ ಹಿರೇಕೆರೂರು, ಹಾನಗಲ್ಲಿನವರು ದಿನವೂ ಬಂದುಹೋಗುವ ಶಿಕಾರಿಪುರ, ಸೊರಬಗಳಲ್ಲಿ ಎರಡೂ ಅರ್ಥ ಒಂದೇ ಮೇಜಿಗೆ ಬರುತ್ತವೆ.

ಎರಡಕ್ಕೂ ಬೇರು 'ತಿನ್'. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಗೆದ್ದಲು ಮರವನ್ನು ತಿನ್ನುತ್ತದೆ. ಹಾಗೆಯೇ ಚರ್ಮವನ್ನು ತಿನ್ನುವಂತೆ ಕಾಡುವುದು ತುರಿಕೆ. ತಮಿಳಿನಲ್ಲೂ ಇದೇ ಜಾಡು: 'ತೀನಿ' ಎಂದರೆ ಮೇವು, 'ತಿನವು' ಎಂದರೆ ನವೆ.

ತೆಲುಗಿನಲ್ಲಿ 'ತಿಂಡಿ' ಎಂದರೆ ಒಟ್ಟಾರೆ ಆಹಾರ. ಅನ್ನವೂ ಅದರೊಳಗೆ ಬರುತ್ತದೆ. ಕನ್ನಡದಲ್ಲೂ ಈ ವಿಶಾಲಾರ್ಥದ ನೆರಳು 'ತಿಂಡಿಪೋತ'ನಲ್ಲಿ ಉಳಿದಿದೆ. ಅವನು ಊಟವನ್ನೇನೂ ಬಿಡುವವನಲ್ಲ! ಆದರೆ ಬಳಕೆಯಲ್ಲಿ ನಾವು ಗೆರೆ ಎಳೆದಿದ್ದೇವೆ: 'ಉಣ್'ನಿಂದ ಬಂದ ಊಟಕ್ಕೆ ಎಲೆ, ಅನ್ನ, ಸಾರು ಬೇಕು, ತಿಂಡಿಗೆ ಇಡ್ಲಿ, ದೋಸೆ, ಅವಲಕ್ಕಿ ಸಾಕು. ಸಂಜೆಯ ಗಾಡಿಯ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕುರುಕಲು ತಿಂಡಿ. ಬೆಳಗಿನದಕ್ಕೆ ಮಾತ್ರ ವಿಶೇಷಣ ಬೇಡ. 'ತಿಂಡಿ ಆಯ್ತಾ?' ಎಂದರೆ ಅದು ಪ್ರಶ್ನೆಗಿಂತ ಹೆಚ್ಚಾಗಿ ನಮಸ್ಕಾರ.

ಹಾವೇರಿಯವರೂ ಕೊನೆಗೆ ಮಸಾಲೆದೋಸೆ ತಿಂದರು. ಬಿಲ್ಲು ಕೊಡುವಾಗ ಅವರೇ ಹೇಳಿದರು: 'ತಿಂಡಿ ಚಲೋ ಇತ್ತು.'